ದೇಶೀಪದದಿಂದ ಪಾಠಕ್ರಮದವರೆಗೆ: ಸದಲಗಾದ ಆ. ನೇ. ಉಪಾಧ್ಯೆ

ನೆಲಮೂಲದ ಸಂಸ್ಕೃತಿಗಳನ್ನು ತರಗತಿಯಲ್ಲಿ ಒಂದು ವಿಷಯವಾಗಿ ಬೋಧಿಸುವ ಕ್ರಮ ಈಚಿನದು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಇದಕ್ಕೆ ಆಧಾರಗಳೂ ಇವೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿಯೂ ಕೆನಡಾದ ಟ್ರೆಂಟ್ ವಿಶ್ವವಿದ್ಯಾಲಯದಲ್ಲಿಯೂ ಆಯಾ ನೆಲದ ಮೂಲನಿವಾಸಿಗಳ ಅಧ್ಯಯನಕ್ಕೆ ಪ್ರತ್ಯೇಕ ಸ್ಥಾನ ದೊರೆತದ್ದು 1969ರಲ್ಲಿ. ಕರ್ನಾಟಕದಲ್ಲಿ 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಬುಡಕಟ್ಟು ಅಧ್ಯಯನಕ್ಕೆಂದೇ ಒಂದು ವಿಭಾಗ ರೂಪುಗೊಂಡಿತು. ದೇಸಿ ಎಂಬ ಪದ ಕನ್ನಡ ವಿಮರ್ಶೆಯ ಕೇಂದ್ರಕ್ಕೆ ಬಂದದ್ದೂ ಹೆಚ್ಚುಕಡಿಮೆ ಈ ಅವಧಿಯಲ್ಲಿಯೇ. ಆದರೆ ಪಾಠಕ್ರಮದ ಒಳಗಡೆ ದೇಸಿಗೆ ಜಾಗ ಮಾಡಿಕೊಟ್ಟ ಬೇರೊಂದು ದಾರಿ ಇದಕ್ಕಿಂತ ಮೊದಲೇ ತೆರೆದಿತ್ತು. ಆ ದಾರಿ ಪ್ರಾಕೃತದ್ದು. ಅದರಲ್ಲಿ ನಾಲ್ಕೂವರೆ ದಶಕ ನಡೆದವರು ಚಿಕ್ಕೋಡಿ ತಾಲ್ಲೂಕಿನ ಸದಲಗಾದ ಆದಿನಾಥ ನೇಮಿನಾಥ ಉಪಾಧ್ಯೆ. ಜೈನಶಾಸ್ತ್ರದ ವಿದ್ವಾಂಸರೆಂದು, ಗ್ರಂಥಸಂಪಾದಕರೆಂದು ಅವರನ್ನು ಸ್ಮರಿಸುವುದು ರೂಢಿಯಾಗಿದೆ. ಅವರು ಜೀವನದುದ್ದಕ್ಕೂ ಒಂದು ಅಲ್ಪಸಂಖ್ಯಾತ ಪಾಠವಿಷಯದ ಅಧ್ಯಾಪಕರಾಗಿದ್ದರೆಂಬುದನ್ನೂ, ಆ ವಿಷಯದ ಮೂಲಕ ಅಧಿಕೃತ ಸಂಸ್ಕೃತಿಯ ಹೊರಗಿನ ಜನರು, ಭಾಷೆಗಳು, ಪದಗಳು ತರಗತಿಯೊಳಕ್ಕೆ ಬಂದುವೆಂಬುದನ್ನೂ ಗಮನಿಸಿದವರು ವಿರಳ.

ಉಪಾಧ್ಯೆಯವರು ಜನಿಸಿದ್ದು 1906ರ ಫೆಬ್ರವರಿ 6ರಂದು. ಸದಲಗಾ ದೂಧಗಂಗೆಯ ದಡದ ಊರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಈ ಬಯಲಿನಲ್ಲಿ ಜೈನರು ಬಹುಮಟ್ಟಿಗೆ ಒಕ್ಕಲುತನದವರು. ದಕ್ಷಿಣ ಮಹಾರಾಷ್ಟ್ರ ಜೈನ ಸಭೆ 1899ರಲ್ಲಿ ಹುಟ್ಟಿಕೊಂಡದ್ದು ಈ ಸಮುದಾಯದ ನಡುವೆ. ಇಪ್ಪತ್ತನೆಯ ಶತಮಾನದ ದಿಗಂಬರ ಮುನಿಪರಂಪರೆಗೆ ಮರುಚಾಲನೆ ನೀಡಿದ ಆಚಾರ್ಯ ಶಾಂತಿಸಾಗರರು ಸದಲಗಾದ ನೆರೆಯ ಭೋಜದವರು. ಉಪಾಧ್ಯೆ ಎಂಬ ಅಡ್ಡಹೆಸರೇ ಸೂಚಿಸುವಂತೆ ಈ ಮನೆತನ ಬಸದಿಯ ಪೌರೋಹಿತ್ಯಕ್ಕೆ ಸಂಬಂಧಿಸಿದುದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಕನ್ನಡ ಮರಾಠಿಗಳೆರಡೂ, ಬಸದಿಯಲ್ಲಿ ಪ್ರಾಕೃತ ಸಂಸ್ಕೃತಗಳ ಪಾಠ ಎಂಬ ಸ್ಥಿತಿ ಈ ಭಾಗದ ಜೈನ ಬಾಲಕರಿಗೆ ಸಹಜವಾದುದಾಗಿತ್ತು. ನವಕಾರ ಮಂತ್ರವನ್ನು ಬಾಯಿಪಾಠ ಮಾಡುವ ಮಗು ಅರ್ಥ ತಿಳಿಯುವ ಮುನ್ನವೇ ಪ್ರಾಕೃತದ ನಾದಕ್ಕೆ ಕಿವಿಗೊಟ್ಟಿರುತ್ತದೆ. ಆ ಭಾಷೆಯನ್ನು ಬರೆದಿಡಲು ಇಲ್ಲಿನ ಬಸದಿ ಮಠಗಳಲ್ಲಿ ಬಳಕೆಯಾಗುತ್ತಿದ್ದುದು ಕನ್ನಡ ಲಿಪಿ. ಮುಂದೆ ಉಪಾಧ್ಯೆಯವರ ವಿದ್ವತ್ತಿಗೆ ವಿಶೇಷ ಬಲವನ್ನು ತಂದುಕೊಟ್ಟ ಸಂಗತಿ ಇದು.

ಪ್ರೌಢಶಾಲೆಯ ಶಿಕ್ಷಣ ಬೆಳಗಾವಿಯಲ್ಲಿ, ಕಾಲೇಜು ಶಿಕ್ಷಣ ಕೊಲ್ಹಾಪುರ ಮತ್ತು ಸಾಂಗಲಿಗಳಲ್ಲಿ ನಡೆಯಿತು. ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಪರಶುರಾಮ ಲಕ್ಷ್ಮಣ ವೈದ್ಯರು ಅವರಿಗೆ ಗುರುಗಳಾಗಿ ದೊರೆತರು. ಪಿ. ಎಲ್. ವೈದ್ಯರು ಹೇಮಚಂದ್ರನ ಪ್ರಾಕೃತ ವ್ಯಾಕರಣವನ್ನೂ ಪುಷ್ಪದಂತನ ಅಪಭ್ರಂಶ ಮಹಾಪುರಾಣವನ್ನೂ ಸಂಪಾದಿಸಿದವರು. ಗ್ರಂಥಸಂಪಾದನೆಯ ಶಿಸ್ತನ್ನು ಉಪಾಧ್ಯೆಯವರು ಕಲಿತದ್ದು ಇವರಲ್ಲಿ. ಸಂಸ್ಕೃತ ಅರ್ಧಮಾಗಧಿಗಳನ್ನು ಆರಿಸಿಕೊಂಡು 1928ರಲ್ಲಿ ಬಿ.ಎ., 1930ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಎಂ.ಎ. ಪದವಿಗಳನ್ನು ಪಡೆದ ಅವರು ಅದೇ ವರ್ಷ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾದರು. 1962ರಲ್ಲಿ ನಿವೃತ್ತರಾಗುವವರೆಗೆ ಅವರ ಹುದ್ದೆಯ ನೆಲೆ ಕೊಲ್ಹಾಪುರವೇ ಆಗಿತ್ತು.

ಅರ್ಧಮಾಗಧಿ ಎಂಬ ಈ ಪಾಠವಿಷಯದ ಸ್ವರೂಪವನ್ನು ಇಲ್ಲಿ ವಿವರಿಸುವುದು ಅವಶ್ಯಕ. ಮುಂಬಯಿ ಪ್ರಾಂತ್ಯದ ಶಿಕ್ಷಣಕ್ರಮದಲ್ಲಿ ವಿದ್ಯಾರ್ಥಿಯು ಒಂದು ಶಾಸ್ತ್ರೀಯ ಭಾಷೆಯನ್ನು ಆರಿಸಿಕೊಳ್ಳಬೇಕಾಗಿತ್ತು. ಬಹುತೇಕರ ಆಯ್ಕೆ ಸಂಸ್ಕೃತ, ಕೆಲವರದು ಪಾರಸಿ. ಜೈನ ಸಮಾಜದ ವಿದ್ಯಾಭಿಮಾನಿಗಳ ಪ್ರಯತ್ನದಿಂದಲೂ ಯುರೋಪಿನ ವಿದ್ವಾಂಸರು ಜೈನ ಆಗಮಗಳಿಗೆ ತೋರಿದ ಆಸಕ್ತಿಯಿಂದಲೂ ಅರ್ಧಮಾಗಧಿಗೆ ಈ ಸಾಲಿನಲ್ಲಿ ಸ್ಥಾನ ದೊರೆಯಿತು. ಪ್ರೌಢಶಾಲೆಯ ಮಟ್ಟದಲ್ಲಿಯೂ ಇದು ಐಚ್ಛಿಕ ವಿಷಯವಾಯಿತು. ಮಹಾರಾಷ್ಟ್ರದ ಶಾಲಾಪರೀಕ್ಷೆಗಳಲ್ಲಿ ಅದು ಉಳಿದುಬಂದಿದೆ. ಕೊಲ್ಹಾಪುರ ಸಂಸ್ಥಾನದಲ್ಲಿ ಶಾಹೂ ಮಹಾರಾಜರು 1902ರಲ್ಲಿ ಹಿಂದುಳಿದವರಿಗೆ ನೌಕರಿಗಳಲ್ಲಿ ಮೀಸಲಾತಿಯನ್ನು ಜಾರಿಗೆ ತಂದಿದ್ದರು. ಬೇರೆ ಬೇರೆ ಸಮುದಾಯಗಳ ವಿದ್ಯಾರ್ಥಿನಿಲಯಗಳು ಆ ನಗರದಲ್ಲಿ ತಲೆಯೆತ್ತಿದ್ದವು. ಇಂಥ ಊರಿನ ಕಾಲೇಜಿನಲ್ಲಿ ಸಂಸ್ಕೃತಕ್ಕೆ ಪರ್ಯಾಯವಾದ ಒಂದು ಪ್ರಾಚೀನ ಭಾಷೆಯ ಪಾಠಕ್ಕೆ ಸಾಮಾಜಿಕವಾದ ಅರ್ಥವೂ ಇತ್ತು. ಮಹಾವೀರನು ಜನರಾಡುವ ನುಡಿಯಲ್ಲಿ ಬೋಧಿಸಿದನೆಂಬ ನಂಬಿಕೆಯೇ ಆ ಭಾಷೆಯ ಪ್ರತಿಷ್ಠೆಗೆ ಕಾರಣವಾಗಿರುವಾಗ, ಅದನ್ನು ಕಲಿಯುವುದೆಂದರೆ ಪಂಡಿತರದಲ್ಲದ ಪ್ರಾಚೀನತೆಯೊಂದನ್ನು ತನ್ನದೆನ್ನುವುದೇ ಆಗಿತ್ತು. ಪ್ರಾಕೃತಗಳೂ ಕಾಲಕ್ರಮದಲ್ಲಿ ವ್ಯಾಕರಣಕ್ಕೊಳಗಾಗಿ ಪಂಡಿತಭಾಷೆಗಳಾದವೆಂಬುದು ಬೇರೆ ಮಾತು.

ಅಧ್ಯಾಪಕರಾದ ಮರುವರ್ಷವೇ ಉಪಾಧ್ಯೆಯವರು ಪ್ರಕಟಿಸಿದ ಒಂದು ಲೇಖನ ಕನ್ನಡ ಸಂಶೋಧಕರ ದೃಷ್ಟಿಯಿಂದ ತುಂಬ ಮಹತ್ವದ್ದು. ದೇಶೀಕೋಶಗಳಲ್ಲಿ ಬರುವ ಕನ್ನಡ ಪದಗಳನ್ನು ಕುರಿತ ಈ ಇಂಗ್ಲಿಷ್ ಲೇಖನ ಪುಣೆಯ ಭಾಂಡಾರಕರ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಹನ್ನೆರಡನೆಯ ಶತಮಾನದ ಹೇಮಚಂದ್ರ ತನ್ನ ದೇಶೀನಾಮಮಾಲೆಯಲ್ಲಿ ಸಂಸ್ಕೃತದಿಂದ ವ್ಯಾಕರಣದ ಮೂಲಕ ಸಾಧಿಸಲಾಗದ ಪದಗಳನ್ನು ಸಂಗ್ರಹಿಸಿದ್ದಾನೆ. ಪಿಶೆಲ್ 1880ರಲ್ಲಿ ಈ ಕೋಶವನ್ನು ಮುಂಬಯಿಯಿಂದ ಪ್ರಕಟಿಸಿದ ನಂತರ ಈ ಪದಗಳ ಮೂಲ ಯಾವುದೆಂಬ ಪ್ರಶ್ನೆ ಮುನ್ನೆಲೆಗೆ ಬಂದಿತು. ಅಕ್ಕ, ಊರು, ತುಪ್ಪ, ಹಾವು, ನೇಸರು ಮೊದಲಾದ ಪದಗಳ ಪ್ರಾಕೃತ ರೂಪಗಳು ಗುಜರಾತಿನಲ್ಲಿ ಕುಳಿತ ಜೈನಾಚಾರ್ಯನೊಬ್ಬನ ಕೋಶದಲ್ಲಿ ದೊರೆಯುವುದು ಕನ್ನಡ ಬಲ್ಲವರಿಗೆ ಸೋಜಿಗದ ಸಂಗತಿ. ಸಂಸ್ಕೃತವೊಂದನ್ನೇ ಬಲ್ಲ ಪಂಡಿತನಿಗೆ ಇವು ವ್ಯುತ್ಪತ್ತಿಯಿಲ್ಲದ ಅನಾಥಪದಗಳು. ಸದಲಗಾದ ಮನೆಯಲ್ಲಿ ಬೆಳೆದವರಿಗೆ ಇವು ದಿನಬಳಕೆಯ ಮಾತುಗಳು. ದೇಸಿಯನ್ನು ಗುರುತಿಸಲು ಯಾವುದಾದರೂ ಒಂದು ದೇಸಿಯ ಒಳಗಿರಬೇಕಾಗುತ್ತದೆ ಎಂಬುದಕ್ಕೆ ಈ ಲೇಖನ ಒಳ್ಳೆಯ ನಿದರ್ಶನ. ಕೇಶಿರಾಜನ ದೇಶ್ಯ, ಕವಿರಾಜಮಾರ್ಗದ ದೇಸಿ, ಹೇಮಚಂದ್ರನ ದೇಶೀ ಇವು ಮೂರೂ ಒಂದೇ ಪರಿಕಲ್ಪನೆಯಲ್ಲ. ಆದರೆ ಇವನ್ನು ಒಟ್ಟಿಗೆ ಇಟ್ಟು ನೋಡುವ ಅಗತ್ಯವಿದೆಯೆಂಬುದನ್ನು ಕನ್ನಡದ ದೇಸಿ ಚರ್ಚೆ ಸಾಕಷ್ಟು ಲಕ್ಷಿಸಿದಂತೆ ಕಾಣುವುದಿಲ್ಲ.

1933ರಲ್ಲಿ ಯಾಪನೀಯ ಸಂಘವನ್ನು ಕುರಿತ ಅವರ ಲೇಖನ ಮುಂಬಯಿ ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಬಂದಿತು. ದಿಗಂಬರ ಶ್ವೇತಾಂಬರಗಳ ನಡುವೆ ನಿಂತು ಕರ್ನಾಟಕದ ನೆಲದಲ್ಲಿಯೇ ಹೆಚ್ಚಾಗಿ ಬೆಳೆದು ಕಣ್ಮರೆಯಾದ ಈ ಪಂಥದ ಅಧ್ಯಯನಕ್ಕೆ ಕನ್ನಡ ಶಾಸನಗಳೇ ಮುಖ್ಯ ಆಕರ. 1934ರಲ್ಲಿ ಪಂಚಸುತ್ತದ ಆವೃತ್ತಿ ಹೊರಬಂದಿತು. 1935ರಲ್ಲಿ ರಾಯಚಂದ್ರ ಜೈನ ಶಾಸ್ತ್ರಮಾಲೆಯಲ್ಲಿ ಪ್ರಕಟವಾದ ಕುಂದಕುಂದರ ಪ್ರವಚನಸಾರ ಅವರನ್ನು ಮೊದಲ ಸಾಲಿನ ವಿದ್ವಾಂಸರ ಪಂಕ್ತಿಗೆ ಸೇರಿಸಿತು. ಯಾಕೋಬಿ ಮೊದಲಾದ ಜರ್ಮನ್ ವಿದ್ವಾಂಸರು ಮುಖ್ಯವಾಗಿ ಪಶ್ಚಿಮ ಭಾರತದ ಶ್ವೇತಾಂಬರ ಆಗಮಗಳನ್ನು ಆಧರಿಸಿ ಕೆಲಸ ಮಾಡಿದ್ದರು. ಪಿಶೆಲ್ ಜೈನ ಶೌರಸೇನಿ ಎಂದು ಕರೆದ ದಿಗಂಬರ ಗ್ರಂಥಭಾಷೆಯ ವಿಸ್ತಾರವಾದ ಪರಿಶೀಲನೆ ನಡೆದಿರಲಿಲ್ಲ. ಪ್ರವಚನಸಾರದ ಇಂಗ್ಲಿಷ್ ಪ್ರಸ್ತಾವನೆ ಈ ಕೊರತೆಯನ್ನು ತುಂಬಿತು. 1937ರಲ್ಲಿ ಅಪಭ್ರಂಶದ ಪರಮಾತ್ಮಪ್ರಕಾಶವನ್ನು ಸಂಪಾದಿಸುವಾಗ ಅವರು ಕನ್ನಡ ಲಿಪಿಯ ಹಸ್ತಪ್ರತಿಗಳನ್ನೂ ಕನ್ನಡದ ಟೀಕೆಗಳನ್ನೂ ಬಳಸಿಕೊಂಡರು. ಜೋಇಂದುವಿನ ದೋಹೆಗಳಿಗೆ ಕನ್ನಡದಲ್ಲಿ ಅರ್ಥ ಬರೆದಿಟ್ಟ ಆ ಟೀಕಾಕಾರರೂ ತಮ್ಮ ಕಾಲದ ಉಪಾಧ್ಯಾಯರೇ; ಪ್ರಾಕೃತವನ್ನು ಕನ್ನಡದ ಮೂಲಕ ಕಲಿಸುವ ಪಾಠಪರಂಪರೆಯೊಂದು ಬಸದಿಗಳಲ್ಲಿ ಶತಮಾನಗಳಿಂದ ನಡೆದುಬಂದಿತ್ತು. ವಿಶ್ವವಿದ್ಯಾಲಯದ ಪಾಠಕ್ರಮಕ್ಕೆ ಹೊಸದೆನಿಸಿದ್ದು ಈ ಪ್ರದೇಶಕ್ಕೆ ಹೊಸದಾಗಿರಲಿಲ್ಲ.

1938ರ ವರಾಂಗಚರಿತದ ಸಂಪಾದನೆ ಉಪಾಧ್ಯೆಯವರ ಶೋಧಬುದ್ಧಿಗೆ ಸಾಕ್ಷಿ. ಜಟಾಸಿಂಹನಂದಿ ಎಂಬ ಹೆಸರು ಕನ್ನಡ ಕಾವ್ಯಾಭ್ಯಾಸಿಗಳಿಗೆ ಅಪರಿಚಿತವಲ್ಲ. ಪಂಪನಿಂದ ಮೊದಲುಗೊಂಡು ಹಲವು ಕನ್ನಡ ಕವಿಗಳು ಈ ಆಚಾರ್ಯನನ್ನು ಸ್ತುತಿಸಿದ್ದಾರೆ. ಆದರೆ ಆತ ಬರೆದುದೇನೆಂಬುದು ಸ್ಪಷ್ಟವಾಗಿರಲಿಲ್ಲ. ಕೊಲ್ಹಾಪುರದ ಲಕ್ಷ್ಮೀಸೇನ ಭಟ್ಟಾರಕ ಮಠದ ಭಂಡಾರದಲ್ಲಿದ್ದ ತಾಳೆಗರಿಯನ್ನು ಪರಿಶೀಲಿಸಿದ ಉಪಾಧ್ಯೆಯವರು, ಕರ್ತೃವಿನ ಹೆಸರಿಲ್ಲದ ವರಾಂಗಚರಿತವೇ ಆ ಕೃತಿಯೆಂದು ಸ್ಥಾಪಿಸಿದರು. ಉದ್ದ್ಯೋತನಸೂರಿಯ ಕುವಲಯಮಾಲೆಯಲ್ಲಿ, ಜಿನಸೇನರ ಹರಿವಂಶದಲ್ಲಿ ಬರುವ ಉಲ್ಲೇಖಗಳೂ, ಕೊಪ್ಪಳದ ಪಲ್ಲಕ್ಕಿಗುಂಡಿನ ಮೇಲೆ ಜಟಾಸಿಂಗನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬುವನು ಮಾಡಿಸಿದನೆಂದು ಹೇಳುವ ಕನ್ನಡ ಶಾಸನವೂ ಈ ಚರ್ಚೆಯಲ್ಲಿ ಒಂದೆಡೆ ಸೇರಿದವು. ಮಠದ ಗರಿ, ಪ್ರಾಕೃತ ಕಥೆ, ಸಂಸ್ಕೃತ ಪುರಾಣ, ಕನ್ನಡ ಕವಿಗಳ ಗುರುಸ್ತುತಿ, ಬಂಡೆಯ ಮೇಲಣ ಬರಹ ಇವುಗಳ ನಡುವೆ ಅಡ್ಡಾಡಬಲ್ಲ ಸಾಮರ್ಥ್ಯ ಆ ಕಾಲಕ್ಕೆ ಕೆಲವರಲ್ಲಿ ಮಾತ್ರ ಇದ್ದಿತು.

ಈ ಕಾವ್ಯದ ಒಂದು ಪ್ರಸಂಗ ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಮದವೇರಿದ ಕುದುರೆ ವರಾಂಗ ರಾಜಕುಮಾರನನ್ನು ಅಡವಿಗೆ ಕೊಂಡೊಯ್ಯುತ್ತದೆ. ಅಲ್ಲಿ ಆತ ಪುಲಿಂದರ ಕೈಗೆ ಸಿಕ್ಕಿ ವನದೇವತೆಗೆ ಬಲಿಯಾಗಬೇಕಾದ ಸ್ಥಿತಿ ಒದಗುತ್ತದೆ. ಅಷ್ಟರಲ್ಲಿ ಪುಲಿಂದರ ಒಡೆಯನ ಮಗನಿಗೆ ಹಾವು ಕಚ್ಚುತ್ತದೆ. ವರಾಂಗನು ವಿಷವಿಳಿಸಿ ಬಿಡುಗಡೆ ಪಡೆಯುತ್ತಾನೆ. ಮುಂದೆ ಸಾರ್ಥವಾಹನ ತಂಡದೊಡನೆ ಸಾಗುವಾಗ ಅದೇ ಪುಲಿಂದರ ಮೇಲೆ ಹೋರಾಡಬೇಕಾಗುತ್ತದೆ. ಕಾಡಿನ ಜನರ ಹಳ್ಳಿ, ಅವರ ಆಯುಧ, ಬಲಿಪದ್ಧತಿ, ಒಡೆತನಗಳು ಇಲ್ಲಿ ಕಾಣಿಸಿಕೊಳ್ಳುತ್ತವೆ. ಆದರೆ ಕಾಣಿಸುವ ಕಣ್ಣು ಅವರದಲ್ಲ. ಹಿಂಸೆಯನ್ನು ಪಾಪವೆಂದು ಬಗೆಯುವ ಶ್ರಮಣನೊಬ್ಬನ ಕಣ್ಣಿಗೆ ಬೇಟೆಗಾರ ಸಮುದಾಯವೊಂದು ಹೇಗೆ ತೋರಬಹುದೋ ಹಾಗೆ ತೋರಿದೆ. ಜೈನ ಕಥನಸಾಹಿತ್ಯವನ್ನು ಬುಡಕಟ್ಟು ಸಂಸ್ಕೃತಿಯ ಆಕರವೆಂದು ಬಳಸುವವರು ಈ ಮಿತಿಯನ್ನು ಮರೆಯುವಂತಿಲ್ಲ. ಉಪಾಧ್ಯೆಯವರ ಗಮನ ಮುಖ್ಯವಾಗಿ ಪಾಠ, ಕಾಲ, ಕರ್ತೃತ್ವಗಳತ್ತ ಇದ್ದುದರಿಂದ ಇಂಥ ಪ್ರಶ್ನೆ ಅವರ ಪ್ರಸ್ತಾವನೆಗಳಲ್ಲಿ ಬೆಳೆಯಲಿಲ್ಲ. ಅದು ಅವರ ಪೀಳಿಗೆಯ ಭಾಷಾಶಾಸ್ತ್ರೀಯ ವಿದ್ವತ್ತಿಗೆ ಸಾಮಾನ್ಯವಾದ ಮಿತಿಯೂ ಹೌದು.

1939ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಅವರಿಗೆ ಡಿ.ಲಿಟ್. ಪದವಿಯನ್ನು ನೀಡಿತು. ಅದೇ ವರ್ಷ ಹೀರಾಲಾಲ ಜೈನರ ನೇತೃತ್ವದಲ್ಲಿ ಷಟ್ಖಂಡಾಗಮದ ಧವಲಾಟೀಕೆಯ ಸಂಪುಟಗಳು ಅಮರಾವತಿಯಿಂದ ಹೊರಬರತೊಡಗಿದವು. ಮೂಡುಬಿದಿರೆಯ ಸಿದ್ಧಾಂತಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಮಾತ್ರ ಉಳಿದಿದ್ದ ಗ್ರಂಥವಿದು. ಒಟ್ಟು 16 ಸಂಪುಟಗಳ ಈ ಮಹಾಯೋಜನೆಗೆ ಉಪಾಧ್ಯೆಯವರ ಸಹಕಾರವಿತ್ತು. ಮುಂದೆ ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಗ್ರಂಥಮಾಲೆಗೂ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಗೂ ಈ ಇಬ್ಬರು ವಿದ್ವಾಂಸರು ಕೂಡಿಯೇ ಪ್ರಧಾನ ಸಂಪಾದಕರಾದರು.

ಕನ್ನಡದ ಅಧ್ಯಾಪಕರು ಉಪಾಧ್ಯೆಯವರನ್ನು ಓದಲೇಬೇಕಾದ ಸ್ಥಳವೆಂದರೆ 1943ರಲ್ಲಿ ಸಿಂಘೀ ಜೈನ ಗ್ರಂಥಮಾಲೆಯಿಂದ ಪ್ರಕಟವಾದ ಹರಿಷೇಣನ ಬೃಹತ್ಕಥಾಕೋಶದ ಪ್ರಸ್ತಾವನೆ. ಹತ್ತನೆಯ ಶತಮಾನದ ಈ ಸಂಸ್ಕೃತ ಕೋಶದಲ್ಲಿ 157 ಕಥೆಗಳಿವೆ. ಇವುಗಳ ಬೇರು ಶಿವಾರ್ಯನ ಪ್ರಾಕೃತ ಆರಾಧನೆಯಲ್ಲಿದೆ. ಆರಾಧನೆಯ ಗಾಹೆಗಳಲ್ಲಿ ಒಂದು ಹೆಸರು, ಒಂದು ಸೂಚನೆ ಮಾತ್ರ ಬರುತ್ತದೆ. ಕಥೆಯನ್ನು ಟೀಕಾಕಾರರು, ಉಪದೇಶಕರು ತುಂಬಿಕೊಡುತ್ತಾರೆ. ಕನ್ನಡದ ವಡ್ಡಾರಾಧನೆಯ 19 ಕಥೆಗಳು ಇದೇ ಆರಾಧನೆಯ ಕವಚಭಾಗದ ಗಾಹೆಗಳಿಗೆ ಅನುಗುಣವಾಗಿವೆಯೆಂಬುದನ್ನು ಉಪಾಧ್ಯೆಯವರು ಹೋಲಿಕೆಗಳ ಮೂಲಕ ವಿವರಿಸಿದರು. ಡಿ. ಎಲ್. ನರಸಿಂಹಾಚಾರ್ಯರ ವಡ್ಡಾರಾಧನೆ ಗ್ರಂಥರೂಪದಲ್ಲಿ ಬಂದದ್ದು 1949ರಲ್ಲಿ ಎಂಬುದನ್ನು ನೆನೆದರೆ ಈ ವಿವೇಚನೆಯ ಮಹತ್ವ ತಿಳಿಯುತ್ತದೆ. ಹರಿಷೇಣನ ಸಂಸ್ಕೃತದೊಳಗೆ ನುಸುಳಿರುವ ಪ್ರಾಕೃತ ಮತ್ತು ದೇಶಭಾಷೆಗಳ ಪದಗಳನ್ನೂ ಅವರು ಗುರುತಿಸಿದ್ದಾರೆ. ಗದ್ಯಕೃತಿಯ ಮೊದಲ ನಿದರ್ಶನವೆಂದು ವಡ್ಡಾರಾಧನೆ ಕನ್ನಡ ಎಂ.ಎ. ತರಗತಿಗಳಲ್ಲಿ ಪಾಠವಾಗುತ್ತ ಬಂದಿದೆ. ಪ್ರತಿ ಕಥೆಯ ನೆತ್ತಿಯ ಮೇಲಿರುವ ಗಾಹೆಯನ್ನು ಮಾತ್ರ ಬಹಳಷ್ಟು ತರಗತಿಗಳು ದಾಟಿಕೊಂಡೇ ಹೋಗುತ್ತವೆ. ಪ್ರಾಕೃತ ಬಾರದಿರುವುದೇ ಅದಕ್ಕೆ ಕಾರಣ. ಕನ್ನಡ ಗದ್ಯದ ದೇಸಿ ಸೊಗಡನ್ನು ವಿವರಿಸುವವರು ಅದು ಯಾವ ಮಾತಿಗೆ ಉತ್ತರವಾಗಿ ಹುಟ್ಟಿತೆಂಬುದನ್ನು ಕೇಳಿಸಿಕೊಳ್ಳದೆ ಹೋಗುವ ಅಪಾಯವಿದೆ. ಉಪಾಧ್ಯೆಯವರ ಪಾಠವಿಷಯ ಕನ್ನಡ ವಿಭಾಗಗಳ ಪಕ್ಕದಲ್ಲಿದ್ದೂ ಒಳಗೆ ಬಾರದೆ ಉಳಿದುದರ ನಷ್ಟ ಇಲ್ಲಿ ಎದ್ದು ಕಾಣುತ್ತದೆ.

1943ರಲ್ಲಿಯೇ ತಿಲೋಯಪಣ್ಣತ್ತಿಯ ಮೊದಲ ಭಾಗ, 1951ರಲ್ಲಿ ಎರಡನೆಯ ಭಾಗ ಹೀರಾಲಾಲ ಜೈನರೊಡನೆ ಸಂಪಾದಿತವಾಗಿ ಬಂದವು. ಯತಿವೃಷಭನ ಈ ಗ್ರಂಥ ಒಂದರ್ಥದಲ್ಲಿ ಪ್ರಾಚೀನ ಜೈನ ವಿದ್ಯಾರ್ಥಿಯ ವಿಶ್ವಭೂಗೋಳ. ಲೋಕದ ಅಳತೆ, ದ್ವೀಪಸಮುದ್ರಗಳ ಕ್ರಮ, ಆರ್ಯಖಂಡ ಮ್ಲೇಚ್ಛಖಂಡಗಳ ವಿಭಾಗ ಇದರಲ್ಲಿ ಬರುತ್ತವೆ. ಲವಣಸಮುದ್ರದ ಅಂತರದ್ವೀಪಗಳಲ್ಲಿ ಬಾಲವುಳ್ಳವರು, ಕೊಂಬುಳ್ಳವರು, ಕಿವಿಯನ್ನೇ ಹೊದೆದುಕೊಳ್ಳುವವರು, ಪ್ರಾಣಿಗಳ ಮುಖವುಳ್ಳವರು ವಾಸಿಸುತ್ತಾರೆಂಬ ವರ್ಣನೆಯಿದೆ. ಕಿವಿಯಲ್ಲಿ ಮಲಗುವ ಜನರ ಸುದ್ದಿಯನ್ನು ಮೆಗಸ್ತನೀಸನೂ ಭಾರತದಿಂದ ಗ್ರೀಕರಿಗೆ ಒಯ್ದಿದ್ದನು. ತಮ್ಮ ಎಲ್ಲೆಯಾಚೆಗಿನ ಜನರನ್ನು ವಿಕೃತಾಂಗರೆಂದು ಕಲ್ಪಿಸುವುದು ಹಲವು ನಾಗರಿಕತೆಗಳ ಪಾಠಪುಸ್ತಕಗಳಿಗೆ ಸಮಾನವಾದ ದೋಷ. ಇದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಬಗೆಯ ಗ್ರಂಥವೂ ಪ್ರಾಕೃತದಲ್ಲಿದೆ. ಅದನ್ನೂ ವಿದ್ವತ್ಲೋಕಕ್ಕೆ ಒದಗಿಸಿದವರು ಉಪಾಧ್ಯೆಯವರೇ.

ಅದು ಕುವಲಯಮಾಲಾ. ಇಂದಿನ ರಾಜಸ್ಥಾನದ ಜಾಲೋರಿನಲ್ಲಿ ಕ್ರಿ.ಶ. 779ರಲ್ಲಿ ಉದ್ದ್ಯೋತನಸೂರಿ ಮುಗಿಸಿದ ಈ ಚಂಪೂಕಥೆಯ ಮೂಲಪಾಠ 1959ರಲ್ಲಿಯೂ ಪ್ರಸ್ತಾವನೆ ಮೊದಲಾದುವನ್ನೊಳಗೊಂಡ ಎರಡನೆಯ ಭಾಗ 1970ರಲ್ಲಿಯೂ ಪ್ರಕಟವಾದವು. ಕಥಾನಾಯಕನು ದಕ್ಷಿಣದ ವಿಜಯಪುರಿಯ ಪೇಟೆಯನ್ನು ಹೊಗುತ್ತಾನೆ. ಅಲ್ಲಿ ಗೋಲ್ಲ, ಮಗಧ, ಕೀರ, ಟಕ್ಕ, ಸಿಂಧು, ಮರು, ಗುರ್ಜರ, ಲಾಟ, ಮಾಳವ, ಕರ್ಣಾಟ, ತಾಜಿಕ, ಕೋಸಲ, ಮಹಾರಾಷ್ಟ್ರ, ಆಂಧ್ರ ಮೊದಲಾದ ನಾಡುಗಳ ವರ್ತಕರು ನೆರೆದಿದ್ದಾರೆ. ಕವಿ ಒಬ್ಬೊಬ್ಬರ ಮೈಕಟ್ಟು, ಸ್ವಭಾವ, ಊಟ ಉಡುಗೆಗಳನ್ನು ಒಂದೆರಡು ವಿಶೇಷಣಗಳಲ್ಲಿ ಹಿಡಿದು, ಅವರ ನುಡಿಯ ಒಂದು ತುಣುಕನ್ನು ಅವರ ಬಾಯಿಂದಲೇ ಆಡಿಸುತ್ತಾನೆ. ಕನ್ನಡಿಗರ ಬಾಯಲ್ಲಿ ಬರುವ ತುಣುಕಿನ ಪಾಠ ಮತ್ತು ಅರ್ಥ ಚರ್ಚಾಸ್ಪದವಾಗಿದೆ. ಹಾಗಿದ್ದರೂ ಕವಿರಾಜಮಾರ್ಗಕ್ಕಿಂತ ಹಿಂದೆ, ಉತ್ತರದ ಜೈನ ಮುನಿಯೊಬ್ಬನ ಕಿವಿಗೆ ಕನ್ನಡ ಒಂದು ಪ್ರತ್ಯೇಕ ದೇಶಭಾಷೆಯಾಗಿ ಕೇಳಿಸಿತ್ತೆಂಬುದು ಸ್ಪಷ್ಟ. ಈ ವರ್ಣನೆಯಲ್ಲಿ ಹಾಸ್ಯವಿದೆ, ಪೂರ್ವಗ್ರಹವೂ ಇದೆ. ಆದರೆ ಅಂತರದ್ವೀಪದ ವಿಕೃತಾಂಗರಿಲ್ಲ. ಪೇಟೆಯಲ್ಲಿ ಎದುರಾಗಿ ನಿಂತು ಮಾತಾಡಿದ ಮನುಷ್ಯರಿದ್ದಾರೆ. ಅದೇ ಗ್ರಂಥದ ಬೇರೊಂದೆಡೆ ಶಕ, ಯವನ, ಶಬರ, ಬರ್ಬರ, ಗೊಂಡ, ಭಿಲ್ಲ, ಪುಲಿಂದ ಮುಂತಾದವರನ್ನು ಮ್ಲೇಚ್ಛರೆಂದು ಒಂದೇ ಉಸಿರಿನಲ್ಲಿ ಪಟ್ಟಿ ಮಾಡಲಾಗಿದೆ. ವರ್ತಕನಾಗಿ ಬಂದವನಿಗೆ ಮುಖವೂ ನುಡಿಯೂ ದೊರೆತವು. ಅಡವಿಯಲ್ಲಿ ಉಳಿದವನಿಗೆ ಪಟ್ಟಿಯಲ್ಲಿ ಒಂದು ಹೆಸರು ಮಾತ್ರ ದೊರೆಯಿತು. ಪ್ರಾಕೃತದ ಜನಪರತೆಯನ್ನು ಕುರಿತು ಮಾತನಾಡುವಾಗ ಈ ಭೇದವನ್ನು ಮನಗಾಣುವುದು ಅಗತ್ಯ.

ಕುವಲಯಮಾಲೆಯ ಭಾಷೆ ಉಪಭಾಷೆಗಳನ್ನು ಕುರಿತು ಉಪಾಧ್ಯೆಯವರು ಪ್ರತ್ಯೇಕವಾಗಿಯೂ ಬರೆದರು. ಲೀಲಾವಈ (1949), ಚಂದ್ರಲೇಖಾ (1945), ಕೇರಳದ ರಾಮಪಾಣಿವಾದನ ಕಂಸವಹೋ (1940), ಕಾರ್ತಿಕೇಯಾನುಪ್ರೇಕ್ಷೆ (1960) ಇವು ಅವರ ಸಂಪಾದನೆಗಳ ದೀರ್ಘ ಪಟ್ಟಿಯ ಕೆಲವು ಹೆಸರುಗಳು. ಕಾಲೇಜಿನಲ್ಲಿ ಅವರ ಸಹೋದ್ಯೋಗಿಯಾಗಿದ್ದ ಕೆ. ಜಿ. ಕುಂದಣಗಾರರು 1939ರಲ್ಲಿ ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಪ್ರಕಟಿಸಿದವರು. ಹೀಗೆ ಮರಾಠಿ ಸಂಸ್ಥಾನದ ಒಂದೇ ಕಾಲೇಜಿನಲ್ಲಿ ಕನ್ನಡ ಶಾಸನಗಳೂ ಕನ್ನಡ ಲಿಪಿಯ ಪ್ರಾಕೃತವೂ ಆಶ್ರಯ ಪಡೆದಿದ್ದವು. 1949ರಲ್ಲಿ ಕೊಲ್ಹಾಪುರ ಮುಂಬಯಿ ರಾಜ್ಯಕ್ಕೆ ಸೇರಿತು; 1956ರಲ್ಲಿ ಸದಲಗಾ ಮೈಸೂರು ರಾಜ್ಯಕ್ಕೆ ಬಂದಿತು. ಉಪಾಧ್ಯೆಯವರ ಹುಟ್ಟೂರು ಮತ್ತು ಕರ್ಮಭೂಮಿಗಳ ನಡುವೆ ರಾಜ್ಯದ ಗಡಿ ಹಾದುಹೋಯಿತು. ಗಡಿವಿವಾದದ ಬಿರುಸಿನಲ್ಲಿ ಭಾಷೆಯೆಂದರೆ ಒಡೆತನದ ಪ್ರಶ್ನೆಯಾಗಿದ್ದಾಗಲೂ ಅವರು ಎರಡೂ ಕಡೆಯ ಹಸ್ತಪ್ರತಿಭಂಡಾರಗಳನ್ನು ಸಮಾನವಾಗಿ ಬಳಸಿದರು. 1961ರಲ್ಲಿ ಗದಗಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕುಂದಣಗಾರರು, 1967ರಲ್ಲಿ ಶ್ರವಣಬೆಳಗೊಳದ ಸಮ್ಮೇಳನಕ್ಕೆ ಉಪಾಧ್ಯೆಯವರು ಅಧ್ಯಕ್ಷರಾದುದು ಕೊಲ್ಹಾಪುರದ ಈ ಕನ್ನಡ ವಿದ್ವತ್ತಿಗೆ ನಾಡು ಸಲ್ಲಿಸಿದ ಮನ್ನಣೆ. ಅದಕ್ಕೆ ಒಂದು ವರ್ಷ ಮೊದಲು, 1966ರಲ್ಲಿ, ಅವರು ಅಲಿಗಢದಲ್ಲಿ ಅಖಿಲ ಭಾರತ ಪ್ರಾಚ್ಯವಿದ್ಯಾ ಪರಿಷತ್ತಿನ ಮಹಾಧ್ಯಕ್ಷರಾಗಿದ್ದರು.

ಅವರ ಬರವಣಿಗೆಯ ಬಹುಪಾಲು ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ಬರೆದುದು ಹೋಲಿಕೆಯಲ್ಲಿ ತೀರ ಕಡಿಮೆ. ಸಾಹಿತ್ಯ ಸಮ್ಮೇಳನಾಧ್ಯಕ್ಷರ ಸಾಲಿನಲ್ಲಿ ಇದು ಎದ್ದುಕಾಣುವ ಸಂಗತಿ. ಪ್ರಾಕೃತದ ಓದುಗವರ್ಗ ಜರ್ಮನಿಯಿಂದ ಗುಜರಾತಿನವರೆಗೆ ಹರಡಿದ್ದುದರಿಂದ ಆ ಆಯ್ಕೆ ಅನಿವಾರ್ಯವಾಗಿದ್ದಿರಬಹುದು. ಆದರೆ ಅದರ ಬೆಲೆಯನ್ನು ತೆತ್ತುದು ಕನ್ನಡದ ಪಾಠಕ್ರಮ. ಇದೇ ಪ್ರದೇಶದ ಇನ್ನೊಬ್ಬ ಉಪಾಧ್ಯಾಯ, ಶೇಡಬಾಳದ ಮಿರ್ಜಿ ಅಣ್ಣಾರಾಯರು, ಇದಕ್ಕೆ ವ್ಯತಿರಿಕ್ತವಾದ ದಾರಿ ಹಿಡಿದರು. ಅವರ ನಿಸರ್ಗ ಕಾದಂಬರಿ (1945) ಗಡಿಭಾಗದ ಜೈನ ಒಕ್ಕಲು ಮನೆಗಳ ಬದುಕನ್ನು ಆ ಜನರ ಆಡುಮಾತಿಗೆ ಹತ್ತಿರದ ಕನ್ನಡದಲ್ಲಿ ಕಟ್ಟಿಕೊಟ್ಟಿತು. ಒಬ್ಬರು ಸಾವಿರ ವರ್ಷ ಹಿಂದಿನ ದೇಶೀಪದವನ್ನು ಹುಡುಕಿದರು. ಇನ್ನೊಬ್ಬರು ನೆರೆಮನೆಯ ದೇಸಿಯನ್ನು ಬರೆದಿಟ್ಟರು. ಸದಲಗಾದ ಸುತ್ತಿನ ಜೈನರ ಆಡುನುಡಿಯನ್ನು ಉಪಾಧ್ಯೆಯವರಂಥ ಭಾಷಾಪಂಡಿತರು ವ್ಯವಸ್ಥಿತವಾಗಿ ವರ್ಣಿಸಿದ್ದರೆ ಎಂಬ ಹಂಬಲ ಈ ಇಬ್ಬರನ್ನೂ ಒಟ್ಟಿಗೆ ಓದುವವರಲ್ಲಿ ಮೂಡದಿರದು.

ನಿವೃತ್ತಿಯ ಬಳಿಕ ಶಿವಾಜಿ ವಿಶ್ವವಿದ್ಯಾಲಯದ ಸೇವೆಯಲ್ಲಿದ್ದ ಅವರನ್ನು 1971ರಲ್ಲಿ ಮೈಸೂರು ವಿಶ್ವವಿದ್ಯಾಲಯ ಜೈನಶಾಸ್ತ್ರ ಮತ್ತು ಪ್ರಾಕೃತ ಅಧ್ಯಯನ ವಿಭಾಗದ ಪ್ರಾಧ್ಯಾಪಕರನ್ನಾಗಿ ಕರೆಸಿಕೊಂಡಿತು. ದೇ. ಜವರೇಗೌಡರು ಆಗ ಕುಲಪತಿಗಳು. ಕರ್ನಾಟಕದ ವಿಶ್ವವಿದ್ಯಾಲಯವೊಂದರಲ್ಲಿ ಪ್ರಾಕೃತಕ್ಕೆ ಸ್ನಾತಕೋತ್ತರ ಪಾಠಕ್ರಮವೊಂದನ್ನು ನೆಲೆಗೊಳಿಸುವ ಹೊಣೆ ಅರುವತ್ತೈದರ ವಯಸ್ಸಿನಲ್ಲಿ ಅವರ ಮೇಲೆ ಬಂದಿತು. ಮಾನಸಗಂಗೋತ್ರಿಯಲ್ಲಿ ಕನ್ನಡ ಅಧ್ಯಯನ ಸಂಸ್ಥೆಯ ನೆರೆಯಲ್ಲಿಯೇ ಈ ವಿಭಾಗ ನಡೆದುದು ಉಚಿತವಾಗಿತ್ತು. ಎರಡೂ ಪಾಠಕ್ರಮಗಳು ಒಂದನ್ನೊಂದು ಬೆಸೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶವಿರಲಿಲ್ಲ. ಅವರಿಗೆ ದೊರೆತದ್ದು ನಾಲ್ಕು ವರ್ಷ ಮಾತ್ರ.

ಈ ವರ್ಷಗಳಲ್ಲಿಯೇ ಅವರು ವಿದೇಶಗಳಿಗೆ ಹೋಗಿಬಂದರು. 1971ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ನಡೆದ ಪ್ರಾಚ್ಯವಿದ್ವಾಂಸರ 28ನೆಯ ಅಂತರರಾಷ್ಟ್ರೀಯ ಸಮಾವೇಶದಲ್ಲಿ, 1973ರಲ್ಲಿ ಪ್ಯಾರಿಸ್ಸಿನ 29ನೆಯ ಸಮಾವೇಶದಲ್ಲಿ ಅವರು ಭಾರತದ ಪ್ರತಿನಿಧಿಗಳಲ್ಲಿ ಒಬ್ಬರಾಗಿದ್ದರು. ಕ್ಯಾನ್‌ಬೆರಾದಲ್ಲಿ ಆ ಖಂಡದ ಮೂಲನಿವಾಸಿಗಳ ಅಧ್ಯಯನಕ್ಕೆಂದೇ 1964ರಲ್ಲಿ ಒಂದು ರಾಷ್ಟ್ರೀಯ ಸಂಸ್ಥೆ ಸ್ಥಾಪಿತವಾಗಿತ್ತು. ಅನ್ಯರ ಸಂಸ್ಕೃತಿಯನ್ನು ಅಧ್ಯಯನ ಮಾಡುವ ಅಧಿಕಾರ ಯಾರದು ಎಂಬ ಪ್ರಶ್ನೆ ಆಗ ಎಲ್ಲೆಡೆ ಏಳತೊಡಗಿತ್ತು. ಪ್ಯಾರಿಸ್ಸಿನಲ್ಲಿ ಸಮಾವೇಶವು ಪ್ರಾಚ್ಯವಿದ್ವಾಂಸ ಎಂಬ ಪದವನ್ನೇ ತನ್ನ ಹೆಸರಿನಿಂದ ಕೈಬಿಡಲು ನಿರ್ಧರಿಸಿತು. ಶತಮಾನದಷ್ಟು ಹಳೆಯ ಹೆಸರು ಅಲ್ಲಿಗೆ ಮುಗಿಯಿತು. ಪ್ರಾಚ್ಯವಿದ್ಯೆಯ ಶಿಸ್ತಿನಲ್ಲಿಯೇ ರೂಪುಗೊಂಡಿದ್ದರೂ ಉಪಾಧ್ಯೆಯವರ ಸ್ಥಾನ ಹೊರಗಿನವನದಲ್ಲ. ಅವರು ಸಂಪಾದಿಸಿದ ಗ್ರಂಥಗಳು ಅವರ ಊರಿನ ಬಸದಿಗಳಲ್ಲಿ ಪಾರಾಯಣಗೊಳ್ಳುತ್ತಿದ್ದಂಥವು. ಹೊರಗಿನಿಂದ ಬಂದ ವಿಧಾನ, ಒಳಗಿನಿಂದ ಬಂದ ಲಿಪಿಜ್ಞಾನ ಮತ್ತು ನುಡಿಜ್ಞಾನ ಇವೆರಡೂ ಅವರಲ್ಲಿ ಕೂಡಿದ್ದವು. ಸ್ವಂತ ಪರಂಪರೆಯ ಗ್ರಂಥವನ್ನು ಪಾಠಾಂತರ, ಕಾಲನಿರ್ಣಯಗಳ ಕಟ್ಟುನಿಟ್ಟಾದ ಪರೀಕ್ಷೆಗೆ ಒಡ್ಡುವಾಗ ಅವರು ಅಳುಕಲಿಲ್ಲವೆಂಬುದಕ್ಕೆ ಕುಂದಕುಂದರ ಕಾಲವನ್ನು ಕುರಿತ ಅವರ ಚರ್ಚೆಯೇ ಸಾಕ್ಷಿ.

1975ರ ಅಕ್ಟೋಬರ್ 8ರಂದು ಉಪಾಧ್ಯೆಯವರು ಕೊಲ್ಹಾಪುರದಲ್ಲಿ ನಿಧನ ಹೊಂದಿದರು. ಮಿರ್ಜಿ ಅಣ್ಣಾರಾಯರು ತೀರಿಕೊಂಡದ್ದೂ ಅದೇ ವರ್ಷ. ಪತ್ರಿಕೆಗಳಲ್ಲಿ ಚದುರಿದ್ದ ಉಪಾಧ್ಯೆಯವರ ಇಂಗ್ಲಿಷ್ ಲೇಖನಗಳನ್ನು ಮೈಸೂರು ವಿಶ್ವವಿದ್ಯಾಲಯದ ಪ್ರಸಾರಾಂಗ 1983ರಲ್ಲಿ ಒಂದು ಸಂಪುಟವಾಗಿ ಹೊರತಂದಿತು. ಶ್ರವಣಬೆಳಗೊಳದಲ್ಲಿ ಪ್ರಾಕೃತ ಅಧ್ಯಯನಕ್ಕೆ ಒಂದು ಸಂಸ್ಥೆ ರೂಪುಗೊಂಡು, ಧವಲಾಟೀಕೆಯ ಕನ್ನಡ ಅನುವಾದ ಅಲ್ಲಿಂದ ಸಂಪುಟಗಳಾಗಿ ಬಂದಿತು. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಮಾನ್ಯತೆ ದೊರೆತರೆ, ಪ್ರಾಕೃತಕ್ಕೆ ಅದು ದೊರೆತದ್ದು 2024ರ ಅಕ್ಟೋಬರಿನಲ್ಲಿ. ವಡ್ಡಾರಾಧನೆಯ ಗಾಹೆಗಳನ್ನು ಬೋಧಿಸಲು ಬೇಕಾದ ಹೋಲಿಕೆಗಳೆಲ್ಲ ಬೃಹತ್ಕಥಾಕೋಶದ 1943ರ ಇಂಗ್ಲಿಷ್ ಪ್ರಸ್ತಾವನೆಯಲ್ಲಿ ಮೊದಲೇ ಅಚ್ಚಾಗಿವೆ.